ಪದಚರ್ಚೆ: ಬರುತ್ತಾ ಕೊಯ್ಯದ ಗರಗಸಕ್ಕೆ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ನಾನು ಇಲ್ಲಿ ಓದೋದೇ ಜಾಸ್ತಿ, ಬರೆಯೋದು ಕಮ್ಮಿ. ಈ ಸಲ ಮೂರ್ನಾಲ್ಕು ಪದಗಳ ಹಿಂದೆ ಬಿದ್ದು ಎರಡು ವಾರ ಆಯಿತು. ಒಬ್ಬನಿಂದ ಬಗೆಹರಿಯಲಿಲ್ಲ, ನಿಮ್ಮ ಮುಂದೆ ಇಡುತ್ತಿದ್ದೇನೆ.

ಬೆಳಗಾವಿಯ ಟಿಳಕವಾಡಿಯಲ್ಲಿ ನಮ್ಮ ಮನೆ. ಹಿತ್ತಲಲ್ಲಿ ಒಂದು ತಗಡಿನ ಶೆಡ್ಡು. ಉದ್ಯಮಬಾಗದ ಒಂದು ಫೌಂಡ್ರಿಯ ಸ್ಟೋರಿನಲ್ಲಿ ಲೆಕ್ಕ ಬರೆದು ನಿವೃತ್ತಿಯಾದವನು ನಾನು. ಜೀವನವಿಡೀ ಕಬ್ಬಿಣವನ್ನು ಕಾಗದದ ಮೇಲೆ ನೋಡಿದ್ದೇ ಹೆಚ್ಚು, ಕೈಯಲ್ಲಿ ಹಿಡಿದದ್ದು ಕಡಿಮೆ. ಆ ಆಸೆ ತೀರಲಿ ಅಂತ ಮೊನ್ನೆ ಒಂದು ಹಳೇ ಬ್ಯಾಂಡ್‌ಸಾ ಮಷೀನು (ಬಳೆಯ ಹಾಗೆ ಸುತ್ತೋ ಬ್ಲೇಡಿನ ಗರಗಸ) ಕೊಂಡೆ. ಕಟ್ಟಿಗೆಯದಲ್ಲ, ಕಬ್ಬಿಣ ಕೊಯ್ಯೋದು. ಸಾಮಿಲ್ಲಿನ ಬ್ಯಾಂಡ್‌ಸಾ ನೋಡಿದವರು ಅದನ್ನೇ ಮನಸ್ಸಿನಲ್ಲಿ ಇಟ್ಟುಕೊಳ್ಳಬೇಡಿ. ಕಟ್ಟಿಗೆ ಮಷೀನಿನಲ್ಲಿ ಬ್ಲೇಡು ನಿಮಿಷಕ್ಕೆ ಮೂರು ಸಾವಿರ ಅಡಿಗೂ ಮೀರಿ ಓಡುತ್ತದೆ. ನನ್ನದರಲ್ಲಿ ಮೂರೇ ವೇಗ: 80, 120, 200 ಅಡಿ. ಸಂಜೆ ವಾಕಿಂಗ್ ಹೋಗೋ ನಡಿಗೆ ಅಷ್ಟೇ.

ಪಕ್ಕದ ಮನೆಯಲ್ಲಿ ಡಿಪ್ಲೊಮಾ ಓದೋ ಹುಡುಗನೊಬ್ಬನಿದ್ದಾನೆ. ಮನೆಯಲ್ಲಿ ಮರಾಠಿ, ಗೆಳೆಯರೊಂದಿಗೆ ಕನ್ನಡ, ಪುಸ್ತಕದಲ್ಲಿ ಇಂಗ್ಲಿಷ್. ಭಾನುವಾರ ಬಂದು ಕೈಜೋಡಿಸುತ್ತಾನೆ. ಮಷೀನಿನ ಮೇಲೆ ಗೋಡೆಗೆ ಒಂದು ಹಾಳೆ ಅಂಟಿಸೋಣ, ಏನು ಮಾಡಬೇಕು, ಏನು ಮಾಡಬಾರದು ಅಂತ ಕನ್ನಡದಲ್ಲೇ ಬರೆಯೋಣ ಅಂತ ಕೂತೆ. ಮೊದಲ ಸಾಲಿನಲ್ಲೇ ಸಿಕ್ಕಿಬಿದ್ದೆ. ಈ ಮಷೀನಿಗೆ ಏನಂತ ಬರೆಯೋದು?

ಗರಗಸ ಅಂತ ಬರೆದೆ. ಯಾಕೋ ಸರಿ ಅನ್ನಿಸಲಿಲ್ಲ. ನಮ್ಮ ಕಡೆ ಹಿರಿಯರು ಕರಗಸ ಅಂತಲೂ ಅನ್ನುತ್ತಾರೆ. ಎರಡೂ ಸಂಸ್ಕೃತದ ಕ್ರಕಚದಿಂದ ಬಂದವು, ಕರಗಸ ಇನ್ನೂ ಸ್ವಲ್ಪ ಮೂಲದ ಹತ್ತಿರ ನಿಂತಿದೆ, ಅಷ್ಟೇ. ಈ ಮಾತು ಕೇಳಿದರೆ ನನ್ನ ತಲೆಗೆ ಬರೋದು ಬಸವಣ್ಣನವರ ವಚನ. ಭಕ್ತಿಯನ್ನು ಅವರು ಕರಗಸಕ್ಕೆ ಹೋಲಿಸಿ ಹೋಗುವಾಗಲೂ ಕೊಯ್ಯುತ್ತದೆ, ಬರುವಾಗಲೂ ಕೊಯ್ಯುತ್ತದೆ ಅಂದರು. ಎಂಟುನೂರು ವರ್ಷಕ್ಕೂ ಹಿಂದಿನ ಮಾತು. ಇಬ್ಬರು ಆಚೆ ಈಚೆ ನಿಂತು ದಿಮ್ಮಿಯ ಮೇಲೆ ಎಳೆದಾಡೋ ದೊಡ್ಡ ಗರಗಸ ನೋಡಿದವರಿಗೆ ಆ ಸಾಲು ಕಣ್ಣಿಗೇ ಕಟ್ಟುತ್ತದೆ. ಕನ್ನಡದಲ್ಲಿ ಗರಗಸ ಅಂದರೆ ಆ ಹೋಗಿಬರೋ ಆಟವೂ ಅದರೊಳಗೇ ಇದೆ.

ನನ್ನ ಮಷೀನು ಹೋಗುತ್ತದೆ, ಬರೋದೇ ಇಲ್ಲ. ಉಕ್ಕಿನ ಒಂದು ಉದ್ದನೆ ಪಟ್ಟಿ, ಎರಡು ತುದಿ ಬೆಸೆದು ಬಳೆ ಮಾಡಿರುತ್ತಾರೆ. ಎರಡು ಗಾಲಿಗಳ ಮೇಲೆ ಅದು ಒಂದೇ ದಿಕ್ಕಿಗೆ ಸುತ್ತುತ್ತದೆ. ಹಲ್ಲುಗಳೆಲ್ಲ ಒಂದೇ ಕಡೆ ನೋಡುತ್ತವೆ. ಪವರ್ ಹ್ಯಾಕ್ಸಾ ಇದೆಯಲ್ಲ, ಅದು ವಡಗಾವಿಯ ಮಗ್ಗದ ಲಾಳಿ ಇದ್ದ ಹಾಗೆ, ಹೋಗಿ ಬರುತ್ತದೆ. ಅದು ಕೂಡ ಒಂದು ಎಳೆತಕ್ಕೆ ಮಾತ್ರ ಕೊಯ್ದು, ವಾಪಸ್ ಬರುವಾಗ ಸುಮ್ನೆ ಎದ್ದು ಬರುತ್ತದೆ. ನನ್ನದಕ್ಕೆ ವಾಪಸ್ ಅನ್ನೋದೇ ಗೊತ್ತಿಲ್ಲ. ಹಿಟ್ಟಿನ ಗಿರಣಿಯ ಪಟ್ಟಾ ಇದ್ದ ಹಾಗೆ.

ಗಿರಣಿ ಅಂದೆ ನೋಡಿ, ಅಲ್ಲೇ ನನಗೆ ಉತ್ತರ ಸಿಕ್ಕ ಹಾಗಾಯಿತು. ಆದರೆ ಅದಕ್ಕೆ ಮೊದಲು ‘ಪಟ್ಟಿ ಗರಗಸ’ದ ವಿಚಾರ ಹೇಳಬೇಕು. ಬ್ಯಾಂಡ್ ಅಂದರೆ ಪಟ್ಟಿ, ಸಾ ಅಂದರೆ ಗರಗಸ, ಎರಡನ್ನೂ ಜೋಡಿಸಿದರೆ ಮುಗೀತು ಅಂತ ಯಾರಿಗಾದರೂ ಅನ್ನಿಸುತ್ತದೆ. ನನಗೂ ಅನ್ನಿಸಿತ್ತು. ಹಾಳೆಯಲ್ಲಿ ಬರೆದು ಹುಡುಗನಿಗೆ ತೋರಿಸಿದೆ. ಅವನು ಓದಿ, ‘ಕಾಕಾ, ಇದರಾಗ ಬರೇ ಪಟ್ಟಿ ಅಷ್ಟ ಕೊಯ್ಯೂದೇನು? ಪೈಪ್ ನಡ್ಯಾಂಗಿಲ್ಲೇನು?’ ಅಂದ. ಅವನು ತಮಾಷೆ ಮಾಡಲಿಲ್ಲ. ಕಬ್ಬಿಣದ ಅಂಗಡಿಯಲ್ಲಿ ಪಟ್ಟಿ ಅಂದರೆ ಚಪ್ಪಟೆ ಸರಳು. ಪಟ್ಟಿ, ಸಳಿ (ಸರಳು), ಎಂಗಲ್, ಚಾನೆಲ್ ಅಂತ ಸಾಲಾಗಿ ಕೇಳುತ್ತೇವೆ. ಅಂಥ ಕಡೆ ‘ಪಟ್ಟಿ ಗರಗಸ’ ಅಂದರೆ ಪಟ್ಟಿ ಕೊಯ್ಯೋ ಗರಗಸ ಅಂತಲೇ ಅರ್ಥ. ಮೇಲಾಗಿ ಪಟ್ಟಿಗೆ ಬೇರೆ ಕೆಲಸ ಕಮ್ಮಿ ಇಲ್ಲ. ಗಾಯಕ್ಕೆ ಕಟ್ಟೋದು ಪಟ್ಟಿ, ಶಾಲೆಯಲ್ಲಿ ಗೆರೆ ಎಳೆಯೋದು ಪಟ್ಟಿ, ಗಣಪತಿ ಕೂಡಿಸೋಕೆ ಓಣಿಯಲ್ಲಿ ಎತ್ತೋ ವಂತಿಗೆಯೂ ಪಟ್ಟಿ.

ಪಟ್ಟಾ ಹಾಗಲ್ಲ. ಗಿರಣಿ, ಬಾವಿಯ ಎಂಜಿನ್ನು, ಮಗ್ಗ, ಎಲ್ಲ ಕಡೆ ಪಟ್ಟಾ ಅಂದರೆ ಗಾಲಿಯಿಂದ ಗಾಲಿಗೆ ಸುತ್ತೋ ಬಳೆ. ತುದಿ ಇಲ್ಲದ್ದು. ‘ಪಟ್ಟಾ ಗರಗಸ’ ಅಂದಾಗ ಹುಡುಗ ತಕರಾರು ಮಾಡಲಿಲ್ಲ. ಮಷೀನು ನೋಡದ ನನ್ನ ತಂಗಿಯೂ ಫೋನಿನಲ್ಲೇ ‘ಗಿರಣಿ ಪಟ್ಟಾದಂಗ ತಿರಗತೈತೇನು?’ ಅಂದಳು. ವಿಜಯಪುರದಲ್ಲಿ ಇರೋದು ಅವಳು. ಅಲ್ಲಿಗೂ ತಲುಪಿತು ಅಂದ ಹಾಗಾಯಿತು. ಪಟ್ಟಾ ಅಂದರೆ ಜಮೀನಿನ ಕಾಗದ ಅಲ್ವಾ ಅಂತ ಮೈಸೂರು ಕಡೆಯವರು ಕೇಳಬಹುದು. ನಿಜ. ಆದರೆ ಜಮೀನಿನ ಕಾಗದಕ್ಕೆ ಯಾರೂ ಗರಗಸ ಜೋಡಿಸೋದಿಲ್ಲ, ಗೊಂದಲ ಆಗಲಿಕ್ಕಿಲ್ಲ. ಮರಾಠಿ ಪದ ಅಂತ ಇನ್ನು ಕೆಲವರು ಮೂಗು ಮುರಿಯಬಹುದು. ಅವರಿಗೆ ನನ್ನ ಉತ್ತರ ಇಷ್ಟೇ: ಮರಾಠಿಯವರು ಗರಗಸಕ್ಕೆ ಕರವತ ಅನ್ನುತ್ತಾರೆ. ಅದು ಸಂಸ್ಕೃತದ ಕರಪತ್ರ. ಹೌದು, ಕರಪತ್ರ ಅಂದರೆ ಅಲ್ಲಿ ಗರಗಸ. ನಮ್ಮಲ್ಲಿ ಅದು ಚುನಾವಣೆ ಹೊತ್ತಿಗೆ ಬಾಗಿಲಿಗೆ ಬೀಳೋ ಕಾಗದ. ಪದಗಳು ಯಾವ ಮನೆಗೆ ಹೋಗಿ ಏನಾಗುತ್ತವೆ ಅಂತ ಹೇಳೋಕಾಗೋದಿಲ್ಲ.

ಗಡಿಯ ಊರಿನಲ್ಲಿ ಪದ ಒಂದೇ ಇದ್ದು ಅರ್ಥ ಎರಡಾಗೋ ಪಜೀತಿ ಬೇರೆ. ಮೊದಲ ಭಾನುವಾರ ಬ್ಲೇಡು ಮತ್ತೆ ಮತ್ತೆ ಗಾಲಿಯಿಂದ ಇಳಿಯುತ್ತಿತ್ತು. ಹುಡುಗ ಬಗ್ಗಿ ನೋಡಿ, ‘ತಾಣ ಕಮ್ಮಿ ಐತ್ರಿ ಕಾಕಾ’ ಅಂದ. ಜಾಗ ಸಾಲದು ಅನ್ನುತ್ತಿದ್ದಾನೆ ಅಂದುಕೊಂಡು ನಾನು ಬೆಂಚನ್ನು ಗೋಡೆಯಿಂದ ಒಂದಡಿ ಈಚೆ ಎಳೆದೆ. ಅವನು ನನ್ನನ್ನೇ ನೋಡಿದ. ಮರಾಠಿಯಲ್ಲಿ ತಾಣ ಅಂದರೆ ಬಿಗಿ! ಹಿಡಿಕೆ ತಿರುಗಿಸಿ ಗಾಲಿಯನ್ನು ಹಿಂದಕ್ಕೆ ಸರಿಸಿ ಬಿಗಿ ಮಾಡಿದ ಮೇಲೆ ಬ್ಲೇಡು ನಿಂತಿತು. ಹಾಳೆಯಲ್ಲಿ ‘ಬಿಗಿ’ ಅಂತಲೇ ಬರೆದಿದ್ದೇನೆ. ಕೆಲಸ ಮುಗಿದ ಮೇಲೆ ಬಿಗಿ ಸಡಿಲಿಸಬೇಕು ಅನ್ನೋ ಸಾಲೂ ಇದೆ. ಇಲ್ಲದಿದ್ದರೆ ಬ್ಲೇಡು, ಬೇರಿಂಗು ಎರಡೂ ಸುಮ್ನೆ ದಣಿಯುತ್ತವೆ.

ಬ್ಲೇಡು ಗಾಲಿಯಿಂದ ಜಾರೋದಕ್ಕೆ ‘ಹಳಿ ತಪ್ಪೋದು’ ಅಂತ ಬರೆಯೋಣ ಅಂದುಕೊಂಡಿದ್ದೆ. ಬೇಡ ಅನ್ನಿಸಿತು. ಸೈಕಲ್ ಚೈನು ಇಳಿಯುತ್ತದೆ, ಗಿರಣಿ ಪಟ್ಟಾ ಇಳಿಯುತ್ತದೆ. ಇದೂ ‘ಇಳಿಯೋದೇ’. ಇಷ್ಟು ಚಂದದ ಪುಟ್ಟ ಪದ ಇರುವಾಗ ರೈಲು ಯಾಕೆ ಬೇಕು?

ಇನ್ನೊಂದು ಅವಮಾನದ ಕಥೆ. ಹೊಸ ಬ್ಲೇಡು ಸುರುಳಿ ಸುತ್ತಿ ಬರುತ್ತದೆ. ಬಿಚ್ಚಿದರೆ 64½ ಇಂಚಿನ ಬಳೆ, ಅರ್ಧ ಇಂಚು ಅಗಲ, ಮುಕ್ಕಾಲು ಮಿ.ಮೀ. ಕೂಡ ದಪ್ಪ ಇಲ್ಲ. ಬಿಚ್ಚೋವಾಗ ಅದು ಒಳಗಿನದು ಹೊರಗಾಗಿ ತಿರುಚಿಕೊಂಡಿದೆ, ನನಗೆ ಗೊತ್ತಾಗಲಿಲ್ಲ. ಹಾಗೇ ಏರಿಸಿ, ಒಂದು ಸಳಿಯನ್ನು ವೈಸಿಗೆ (ಕೊಯ್ಯೋ ತುಂಡನ್ನು ಬಿಗಿಯಾಗಿ ಹಿಡಿಯೋ ದವಡೆ) ಹಿಡಿದು ಚಾಲೂ ಮಾಡಿದೆ. ಹತ್ತು ನಿಮಿಷ ಓಡಿತು. ಸಳಿ ಕೊಯ್ಯಲಿಲ್ಲ. ಬ್ಲೇಡು ಮುಟ್ಟಿದ ಜಾಗ ಮಾತ್ರ ಹಬ್ಬಕ್ಕೆ ಬೆಳಗಿದ ತಂಬಿಗೆಯ ಹಾಗೆ ಮಿಂಚುತ್ತಿತ್ತು. ‘ಕಾಕಾ, ಹಲ್ಲ ಉಲ್ಟಾ ಅದಾವ್ರಿ.’ ಬಸವಣ್ಣನವರ ಕರಗಸಕ್ಕೆ ಈ ತೊಂದರೆ ಇರಲಿಲ್ಲ ನೋಡಿ. ಬ್ಲೇಡನ್ನು ಒಳಹೊರಗು ಮಾಡಿ ತಿರುಗಿಸಿದರೆ ಸರಿಯಾಗುತ್ತದೆ. ಹಾಳೆಯಲ್ಲಿ ‘ಹಲ್ಲು ಓಟದ ಕಡೆಗೆ ನೋಡುತ್ತಿರಬೇಕು’ ಅಂತ ಬರೆದೆ. ‘ಉಲ್ಟಾ ಇರಬಾರದು’ ಅಂತ ಹುಡುಗ ಕೆಳಗೆ ಸೇರಿಸಿದ. ಅವನದೇ ಚೆನ್ನಾಗಿದೆ.

ಕ್ರಿಯಾಪದದ ಮಾತಿಗೆ ಬರೋಣ. ಇದು ನನ್ನನ್ನು ಜಾಸ್ತಿ ಕಾಡಿದ್ದು. ಕಬ್ಬಿಣವನ್ನು ಏನು ಮಾಡುತ್ತೇವೆ? ನಮ್ಮ ಭಾಷೆ ಈ ವಿಷಯದಲ್ಲಿ ಬಹಳ ಕಟ್ಟುನಿಟ್ಟು. ಕಬ್ಬು ಕಡಿಯುತ್ತೇವೆ. ಹುಲ್ಲು ಕೊಯ್ಯುತ್ತೇವೆ. ಬದನೆಕಾಯಿ ಹೆಚ್ಚುತ್ತೇವೆ. ಬಟ್ಟೆ ಕತ್ತರಿಸುತ್ತೇವೆ. ಕಟ್ಟಿಗೆ ಒಡೆಯುತ್ತೇವೆ, ಅದೇ ಕಟ್ಟಿಗೆಯಿಂದ ಹಲಗೆ ಬೇಕಾದರೆ ಕೊಯ್ಯುತ್ತೇವೆ. ಕಬ್ಬು ಹೆಚ್ಚಿದೆ ಅಂತ ಅಂದರೆ ಮುಧೋಳದಲ್ಲಿ ನಗುತ್ತಾರೆ. ಕಡಿಯೋದು ಅಂದರೆ ಏಟು, ಒಂದೇ ಹೊಡೆತ. ಕೊಯ್ಯೋದು ಅಂದರೆ ಅಲಗು ಎಳೆದುಕೊಂಡು ಹೋಗೋದು. ಕತ್ತರಿಸೋಕೆ ಎರಡು ಅಲಗು ಬೇಕು. ಹಾಗೆ ನೋಡಿದರೆ ಛೇಣಿ ಇಟ್ಟು ಸುತ್ತಿಗೆ ಹೊಡೆದರೆ ಕಬ್ಬಿಣ ಕಡಿದ ಹಾಗೆ, ತಗಡಿಗೆ ಕತ್ತರಿ ಹಾಕಿದರೆ ಕತ್ತರಿಸಿದ ಹಾಗೆ, ಈ ಮಷೀನಿನಲ್ಲಿ ಕೊಯ್ದ ಹಾಗೆ. ಆದರೆ ವರ್ಕ್‌ಶಾಪಿನಲ್ಲಿ ಯಾರೂ ಕಬ್ಬಿಣ ಕೊಯ್ಯಿ ಅನ್ನೋದಿಲ್ಲ, ಕಟ್ ಮಾಡು ಅನ್ನುತ್ತಾರೆ. ಒಂದು ಕಟ್ ಬಂದು ಮೂರು ಒಳ್ಳೆ ಪದಗಳ ಕೆಲಸ ಕಿತ್ತುಕೊಂಡಿದೆ. ಹುಲ್ಲು, ಹಲಗೆಗೆ ಒಗ್ಗಿದ ‘ಕೊಯ್ಯು’ ಕಬ್ಬಿಣಕ್ಕೆ ಬಂದರೆ ನಿಮ್ಮ ಕಿವಿಗೆ ಹೇಗೆ ಕೇಳುತ್ತದೆ? ಇದು ಮೊದಲ ಪ್ರಶ್ನೆ ಅಂತ ಇಟ್ಟುಕೊಳ್ಳಿ.

ಕೊಯ್ದದ್ದು ನೆಟ್ಟಗೆ ಬರದಿದ್ದರೆ ಅದಕ್ಕೂ ನಮ್ಮಲ್ಲಿ ಪದ ಇದೆ, ಅದೂ ಎರಡು. ಇಂಗ್ಲಿಷ್ ಕೈಪಿಡಿ ಓದುವಾಗ ನನಗೆ ಅಷ್ಟು ಸ್ಪಷ್ಟ ಆಗಿರಲಿಲ್ಲ, ಕನ್ನಡದಲ್ಲಿ ಬರೆಯಲು ಕೂತಾಗ ಆಯಿತು. ಒಂದು ‘ಓರೆ’, ಇನ್ನೊಂದು ‘ಸೊಟ್ಟ’. ಕೊಯ್ದ ಮುಖ ಸಪಾಟಾಗೇ ಇದೆ, ಆದರೆ ಒಂದು ಕಡೆ ವಾಲಿದೆ ಅಂದರೆ ಓರೆ. ಅದು ಜೋಡಣೆಯ ತಪ್ಪು. ಬ್ಲೇಡು ಗಾಲಿಯ ಮೇಲೆ ಮಲಗಿಕೊಂಡೇ ಓಡುತ್ತದೆ, ಕೊಯ್ಯೋ ಜಾಗಕ್ಕೆ ಬಂದಾಗ ಎರಡು ಜೊತೆ ಬೇರಿಂಗುಗಳು ಅದನ್ನು ತಿರುಚಿ ಎಬ್ಬಿಸಿ ನಿಲ್ಲಿಸುತ್ತವೆ. ಅವು ಪೂರ್ತಿ ನೆಟ್ಟಗೆ ನಿಲ್ಲಿಸದಿದ್ದರೆ ಓರೆ. ವೈಸಿನ ದವಡೆ ಬ್ಲೇಡಿಗೆ ಕಾಟಕೋನದಲ್ಲಿ (ಲಂಬಕೋನದಲ್ಲಿ) ಇರದಿದ್ದರೂ ಓರೆ. ಗುಣ್ಯಾ ಇಟ್ಟು ನೋಡಿ ಸರಿಮಾಡಬಹುದು. (ಪುಸ್ತಕದಲ್ಲಿ ಮೂಲೆಮಟ್ಟ ಅಂತಿದೆ. ಬೆಳಗಾವಿಯ ಬಡಿಗರು ಗುಣ್ಯಾ ಅಂದರೇನೇ ಕೈಗೆ ಕೊಡೋದು.) ಕೊಯ್ದ ಮುಖವೇ ಹೊಟ್ಟೆ ಬಂದ ಹಾಗೆ ಬಾಗಿದ್ದರೆ ಅದು ಸೊಟ್ಟ. ಅದಕ್ಕೆ ಗುಣ್ಯಾ ಏನೂ ಮಾಡೋದಿಲ್ಲ. ಬಿಗಿ ಕಮ್ಮಿ ಇದೆ, ಇಲ್ಲಾ ಮೇಲಿಂದ ಭಾರ ಜಾಸ್ತಿ ಬಿದ್ದಿದೆ, ಇಲ್ಲಾ ಒಂದು ಮಗ್ಗುಲಿನ ಹಲ್ಲು ಸವೆದಿದೆ. ಹಾಳೆಯಲ್ಲಿ ಈಗ ‘ಓರೆ ಬಂದರೆ ಗುಣ್ಯಾ ಹಿಡಿ, ಸೊಟ್ಟ ಬಂದರೆ ಬ್ಲೇಡು ನೋಡು’ ಅಂತ ಒಂದೇ ಸಾಲು. ನನ್ನ ಮಟ್ಟಿಗೆ ಇಡೀ ಹಾಳೆಯಲ್ಲಿ ಇದೇ ಒಳ್ಳೆ ಸಾಲು.

ಹಲ್ಲಿನ ಲೆಕ್ಕಕ್ಕೆ ಪದದ ಕಷ್ಟ ಇಲ್ಲ. ಅಂಗಡಿಗೆ ಹೋದರೆ ‘ಎಷ್ಟ ಹಲ್ಲಿಂದ ಬೇಕ್ರಿ?’ ಅಂತಲೇ ಕೇಳುತ್ತಾರೆ. ಇಂಚಿಗೆ 10, 14, 18, 24, ಹೀಗೆ. ಕೊಯ್ಯೋ ದಪ್ಪದೊಳಗೆ ಮೂರು ಹಲ್ಲಾದರೂ ಏಕಕಾಲಕ್ಕೆ ಕೂತಿರಬೇಕು ಅನ್ನೋದು ನಿಯಮ. ನಾನದನ್ನು ಓದಿದ್ದೆ, ಮರೆತೆ. ದಪ್ಪ ಹಲ್ಲಿನ ಬ್ಲೇಡಿಗೆ ಎರಡು ಮಿ.ಮೀ. ಗೋಡೆಯ ಚೌಕ ಪೈಪು ಕೊಟ್ಟೆ. ಮೇಲಿನ ಗೋಡೆ ಸಲೀಸಾಗಿ ಕೊಯ್ದಿತು, ಯಾಕೆಂದರೆ ಅಲ್ಲಿ ಬ್ಲೇಡಿಗೆ ಪೈಪಿನ ಪೂರ್ತಿ ಅಗಲ ಸಿಕ್ಕಿತ್ತು. ಅದು ಮುಗಿದು ಎರಡು ಪಕ್ಕದ ಗೋಡೆಗಳಷ್ಟೇ ಉಳಿದಾಗ ಸದ್ದು ಬದಲಾಯಿತು. ಕಟ್, ಕಟ್, ಕಟಕಟ. ಹಲ್ಲಿಂದ ಹಲ್ಲಿಗೆ ಎರಡೂವರೆ ಮಿ.ಮೀ., ಗೋಡೆ ಎರಡೇ ಮಿ.ಮೀ. ಹಲ್ಲುಗಳ ಸಂದಿಗೆ ಗೋಡೆ ಬಿದ್ದು ಸಿಕ್ಕಿಕೊಳ್ಳುತ್ತಿತ್ತು. ನಿಲ್ಲಿಸೋದರೊಳಗೆ ನಾಲ್ಕು ಬೆರಳಗಲ ಹಲ್ಲೇ ಇಲ್ಲ. ಇದಕ್ಕೆ ಹುಡುಗ ಅಂದದ್ದು ‘ಹಲ್ಲ ಉದರಿದ್ವು’. ಮುದುಕರ ಹಲ್ಲೂ ಮಕ್ಕಳ ಹಲ್ಲೂ ಉದುರೋ ಹಾಗೆ. ಹಾಳೆಯಲ್ಲಿ ಹಾಗೇ ಬರೆದೆ.

ಕೊಯ್ಯುವಾಗ ಉದುರೋ ಕಬ್ಬಿಣದ ಚೂರಿಗೆ ಏನನ್ನಬೇಕು ಅನ್ನೋದು ಮುಂದಿನದು. ಗುಜರಿಯವರು ಬೀಡಿನ ಚೂರಿಗೆಲ್ಲ ಬೋರಿಂಗ್ ಅಂದುಬಿಡುತ್ತಾರೆ, ಬೋರ್ ಮಾಡಿದ್ದಾದರೂ ಸರಿ, ಮಾಡದಿದ್ದರೂ ಸರಿ. ಸ್ಟೋರಿನಲ್ಲಿ ನಾನೂ ಹಾಗೇ ಬರೆಯುತ್ತಿದ್ದೆ. (ಬೀಡು ಅಂದರೆ ಎರಕದ ಕಬ್ಬಿಣ. ಬೀಡು ಬಿಡೋದು ಬೇರೆ. ಅದನ್ನು ಒಣಗೇ ಕೊಯ್ಯಬೇಕು, ಹಾಲಿನ ಹಾಗೆ ಕಾಣೋ ಕಟಿಂಗ್ ಎಣ್ಣೆನೀರು ಹಾಕಿದರೆ ಕರೀ ಕೆಸರಾಗುತ್ತದೆ.) ನನ್ನ ಸೂಚನೆ ‘ತುರಿ’. ಕಾಯಿತುರಿಯ ತುರಿ. ಭಾರ ಸರಿಯಾಗಿ ಬಿದ್ದಾಗ ಉಕ್ಕಿನ ಚೂರು ಸಣ್ಣ ಸುರುಳಿಯಾಗಿ ಬೀಳುತ್ತದೆ, ನೋಡೋಕೆ ಥೇಟ್ ಕೊಬ್ಬರಿ ತುರಿ. ಭಾರ ತೀರಾ ಕಮ್ಮಿ ಆದರೆ ಪುಡಿ ಬೀಳುತ್ತದೆ. ಜಾಸ್ತಿ ಆದರೆ ದಪ್ಪಗೆ, ನೀಲಿ ಬಣ್ಣಕ್ಕೆ ತಿರುಗಿ, ಸುಟ್ಟ ಹಾಗೆ ಬೀಳುತ್ತದೆ. ‘ತುರಿ ಬೀಳಬೇಕು, ಪುಡಿ ಬೀಳಬಾರದು’ ಅಂದರೆ ಅಡುಗೆಮನೆ ಕಂಡ ಯಾರಿಗೂ ತಿಳಿಯುತ್ತದೆ. ತುರಿಗೆ ಕಡಿತ, ನವೆ ಅನ್ನೋ ಅರ್ಥವೂ ಇದೆ ಅಂತ ನೆನಪಿಸೋರಿಗೆ ಒಂದು ಮಾತು: ಬರಿಗೈಯಲ್ಲಿ ಆ ಚೂರು ಬಳಿದು ನೋಡಿ, ಎರಡು ಅರ್ಥವೂ ಒಟ್ಟಿಗೇ ಗೊತ್ತಾಗುತ್ತದೆ. ಬ್ರಷ್ ಬಳಸಬೇಕು. ಮಷೀನು ಓಡುವಾಗ ಕೈಗವಸು ಮಾತ್ರ ಹಾಕಬಾರದು. ಹಲ್ಲಿಗೆ ಬಟ್ಟೆಯ ನೂಲು ಸಿಕ್ಕರೆ ಕೈ ಸಮೇತ ಎಳೆದುಕೊಳ್ಳುತ್ತದೆ.

ಈಗ ಉಳಿದದ್ದು ಎರಡು ಪದ. ಇವೆರಡಕ್ಕೇ ನಿಜವಾಗಿ ನಿಮ್ಮ ಸಹಾಯ ಬೇಕು.

ಹಲ್ಲುಗಳು ಸಾಲಾಗಿ ನೆಟ್ಟಗೆ ನಿಂತಿರೋದಿಲ್ಲ. ಒಂದು ಎಡಕ್ಕೆ ಬಾಗಿರುತ್ತದೆ, ಒಂದು ಬಲಕ್ಕೆ, ಒಂದು ನೆಟ್ಟಗೆ, ಮತ್ತೆ ಎಡಕ್ಕೆ. ಹಾಗಿದ್ದರೇನೇ ಬ್ಲೇಡಿನ ಮೈಗಿಂತ ಅಗಲ ದಾರಿ ಆಗೋದು, ಬ್ಲೇಡು ಸಿಕ್ಕಿಕೊಳ್ಳದೆ ಹೋಗೋದು. ಇಂಗ್ಲಿಷಿನಲ್ಲಿ ಇದಕ್ಕೆ ಸೆಟ್ ಅನ್ನುತ್ತಾರೆ. ಆದರೆ ನಮ್ಮಲ್ಲಿ ಸೆಟ್ ಅಂದರೆ ಹಲ್ಲಿನ ಸೆಟ್ಟು, ಡಾಕ್ಟರು ಕಟ್ಟಿಕೊಡೋದು! ನನಗೆ ಹೊಳೆದದ್ದು ‘ಎಡಬಲ’. ‘ಈ ಬ್ಲೇಡಿನ ಎಡಬಲ ಸವೆದಿದೆ’ ಅಂದರೆ ನಡೆಯುತ್ತದಾ? ಬಡಿಗರ ಮನೆತನದವರು ಯಾರಾದರೂ ಇದ್ದರೆ, ಹಳೇ ಗರಗಸಕ್ಕೆ ಅರ ಹಾಕಿ ಹಲ್ಲು ಬಾಗಿಸುವಾಗ ಮನೆಯಲ್ಲಿ ಏನನ್ನುತ್ತಿದ್ದರು ಹೇಳಿ.

ಇನ್ನೊಂದು, ಗರಗಸ ಹೋದ ಆ ದಾರಿ. ಇದರ ಪೆಟ್ಟು ತಿಂದೇ ಕೇಳುತ್ತಿದ್ದೇನೆ. ಒಂದು ಮೀಟರ್ ಸಳಿ ಇತ್ತು, ಸರಿಯಾಗಿ 1000 ಮಿ.ಮೀ. ಗೇಟಿನ ತಿರುಗಣಿಗೆ 50 ಮಿ.ಮೀ.ಯ ಇಪ್ಪತ್ತು ತುಂಡು ಬೇಕಿತ್ತು. ಲೆಕ್ಕ ಬರೆದು ಬದುಕಿದವನು, ಇಪ್ಪತ್ತು ಐವತ್ತಲೆ ಸಾವಿರ ಅಂತ ಬಾಯಲ್ಲೇ ಹೇಳಿ ಶುರು ಮಾಡಿದೆ. ಹತ್ತೊಂಬತ್ತು ಸರಿ ಬಂದವು. ಇಪ್ಪತ್ತನೆಯದು 33 ಮಿ.ಮೀ. ಒಂದೊಂದು ಸಲ ಕೊಯ್ದಾಗಲೂ ಮಿಲಿಮೀಟರಿಗೆ ಸ್ವಲ್ಪ ಕಮ್ಮಿ ತುರಿಯಾಗಿ ಹೋಗಿತ್ತು, ಹತ್ತೊಂಬತ್ತು ಸಲಕ್ಕೆ 17. ಅಕ್ಕಸಾಲಿಗರು ಬಂಗಾರದಲ್ಲಿ ಹೋಗೋದಕ್ಕೆ ತೇಮಾನು ಅನ್ನುತ್ತಾರೆ. ಅದು ನಷ್ಟದ ಹೆಸರು, ದಾರಿಯದಲ್ಲ. ನನಗೆ ಎರಡಕ್ಕೂ ಒಪ್ಪೋ ಒಂದು ಪದ ಬೇಕು: ‘ಗುರುತು ಹಾಕುವಾಗ ಇಷ್ಟು ಬಿಡು’ ಅನ್ನೋವಾಗ ಬಾಯಿಗೆ ಬರೋ ಹಾಗಿರಬೇಕು. ‘ಕೊಯ್ತ’ ಅನ್ನಬಹುದಾ? ‘ಕೊಯ್ತಕ್ಕೆ ಒಂದು ಮಿಲಿಮೀಟರ್ ಬಿಡು.’ ನನಗೆ ಹಿಡಿಸಿದೆ, ಆದರೆ ಕೊಯ್ತ ಕೆಲಸವೋ, ಕೆಲಸದಿಂದ ಆದ ಸಂದಿಯೋ ಅನ್ನೋ ಅನುಮಾನ ಉಳಿದಿದೆ. ಸೀಳು ಅಂದರೆ ತಾನೇ ಬಿರಿದ ಹಾಗೆ ಕೇಳುತ್ತದೆ. ಸಂದು ಅಂದರೆ ಅದು ಇಲ್ಲಿ ಓಣಿ ಆಗಿಬಿಡುತ್ತದೆ.

ಹಾಳೆ ಈಗ ಗೋಡೆಯ ಮೇಲಿದೆ. ಮೇಲೆ ದೊಡ್ಡದಾಗಿ ‘ಪಟ್ಟಾ ಗರಗಸ’ ಅಂತ ಇದೆ. ಈ ಕೊನೇ ಪದಕ್ಕೆ ಮಾತ್ರ ಎರಡಿಂಚು ಜಾಗ ಖಾಲಿ ಬಿಟ್ಟಿದ್ದೆ. ಹೋದ ಭಾನುವಾರ ನೋಡಿದರೆ ಹುಡುಗ ಅಲ್ಲಿ ಪೆನ್ಸಿಲ್ಲಿನಲ್ಲಿ ‘ಕಟ್’ ಅಂತ ಬರೆದಿದ್ದಾನೆ.